ಚಿಕ್ಕಗೌರಮ್ಮನ ಕಿವಿ, ಮರುಳಸಿದ್ದಯ್ಯನ ಕೈ

ಕಂದಿಕೆರೆಯ ಚಿಕ್ಕಗೌರಮ್ಮನಿಗೆ ಆಗ ಐವತ್ತೆರಡು ವರ್ಷ. ಕೆಂಕೆರೆಯಲ್ಲಿ ಹುಟ್ಟಿ, ಹದಿನೇಳಕ್ಕೆ ಈ ಮನೆಗೆ ಸೊಸೆಯಾಗಿ ಬಂದವಳು. ಊರಿನಾಚೆ ಅವಳ ಹೆಸರು ಯಾರಿಗೂ ಗೊತ್ತಿಲ್ಲ. ಅವಳು ಎಂಥವಳೆಂಬುದು ಸ್ವಂತ ಮಗಳು ಸುನಂದಾಳಿಗೂ ತಿಳಿದದ್ದು ಇಪ್ಪತ್ತಾರನೆಯ ವಯಸ್ಸಿನಲ್ಲಿ, 2001ರ ಕಾರ್ತಿಕದಲ್ಲಿ.

ಸುನಂದಾ ಐದನೇ ತರಗತಿಗೇ ತಿಪಟೂರಿನ ಹಾಸ್ಟೆಲ್ ಸೇರಿದವಳು. ಓದು ಮುಗಿಸಿ ದಾವಣಗೆರೆಯ ಒಂದು ಚಿಕ್ಕ ಶಾಲೆಯಲ್ಲಿ ನಾಲ್ಕು ವರ್ಷ ಪಾಠ ಹೇಳಿದಳು. ಶಾಲೆ ಮುಚ್ಚಿತು. ಟ್ರಂಕು, ಟೇಪ್ ರೆಕಾರ್ಡರ್ ಹೊತ್ತುಕೊಂಡು ಊರಿಗೆ ಬಂದಳು. ಬಂದ ಮೂರನೇ ದಿನದಿಂದಲೇ ಅಪ್ಪ ಮರುಳಸಿದ್ದಯ್ಯನಿಗೂ ಅವಳಿಗೂ ಹೊಂದಿಕೆಯಾಗಲಿಲ್ಲ.

"ಇದು ಮನೆ ಕಣವ್ವ, ಛತ್ರ ಅಲ್ಲ. ಇಷ್ಟ ಬಂದಾಗ ಏಳಾದು, ಇಷ್ಟ ಬಂದಾಗ ಉಣ್ಣಾದು."

"ಛತ್ರದಲ್ಲಾದ್ರೆ ಎಲ್ಲಿಗ್ ಹೋಗಿದ್ದೆ ಅಂತ ಯಾರೂ ಕೇಳಲ್ಲಪ್ಪ."

ಚಿಕ್ಕಗೌರಮ್ಮ ಇಬ್ಬರ ತಟ್ಟೆಗೂ ಮುದ್ದೆ ಹಾಕಿ ಸುಮ್ಮನಿರುತ್ತಿದ್ದಳು. ಆ ಸುಮ್ಮನಿರುವಿಕೆಯೇ ಸುನಂದಾಳಿಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸುತ್ತಿತ್ತು.

ಅವಳಿಗೆ ಮಲಗಲು ಸಿಕ್ಕಿದ್ದು ಅಟ್ಟದ ಕೆಳಗಿನ ಕೋಣೆ. ಬಿದಿರ ಸಂದಿಯಿಂದ ಹಾಸಿಗೆಯ ಮೇಲೆ ಧೂಳು, ಮಸಿ ಉದುರುತ್ತಿತ್ತು. ಅಪ್ಪ, ಅವ್ವ ತುರುವೇಕೆರೆಗೆ ಮದುವೆಗೆ ಹೋದ ಭಾನುವಾರ ಏಣಿ ಹಾಕಿ ಹತ್ತಿ ಅಟ್ಟ ಗುಡಿಸಿದಳು. ಅಲ್ಲಿ ಹರವಿದ್ದ ತೆಂಗಿನಕಾಯಿಗಳ ನಡುವೆ ಅಡ್ಡ ಬಿದ್ದಿದ್ದ ಗರಿಯ ಒಣ ಮಟ್ಟೆಗಳನ್ನು ಕಸವೆಂದು ಕೆಳಗೆಸೆದಳು. ದಪ್ಪ ಕಾಯಿ ಒಂದು ಕಡೆ, ಸಣ್ಣವು ಒಂದು ಕಡೆ ಮಾಡಿ ಅಚ್ಚುಕಟ್ಟಾಗಿ ಜೋಡಿಸಿದಳು. ಅಪ್ಪ ನೋಡಿ ಮೆಚ್ಚಿಯಾನೆಂಬ ಆಸೆಯೂ ಇತ್ತು.

ಆ ಮಟ್ಟೆಗಳು ಗಡಿಗಳು. ಮಾಘದಲ್ಲಿ ಕಿತ್ತ ಕಾಯಿ, ವೈಶಾಖದ್ದು, ಶ್ರಾವಣದ್ದು ಒಂದಕ್ಕೊಂದು ಬೆರೆಯದಂತೆ ಮರುಳಸಿದ್ದಯ್ಯ ಇಟ್ಟಿದ್ದವು. ಸಿಪ್ಪೆಸಮೇತ ಅಟ್ಟದಲ್ಲಿ ಒಂಬತ್ತು ಹತ್ತು ತಿಂಗಳು ಕಾದರೆ ಕಾಯಿಯೊಳಗಿನ ನೀರು ಹಿಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಮೊದಲೇ ಒಡೆದರೆ ಚೂರು ಚೂರು. ಹೊರಗಿನಿಂದ ಎಲ್ಲವೂ ಒಂದೇ ಬಣ್ಣ. ಮಾಘದ ಕಾಯಿ ಸುಲಿಯಲು ಆಳುಗಳು ಬರುವುದು ಅದೇ ಗುರುವಾರ.

ಅಟ್ಟ ನೋಡಿ ಇಳಿದ ಮರುಳಸಿದ್ದಯ್ಯ ಕೂಗಾಡಲಿಲ್ಲ. "ನಾಳೆ ಮೊದಲ್ನೇ ಬಸ್ಸಿಗೆ ಹೊರಡು. ದಾವಣಗೆರೆಗಾದ್ರೂ ಹೋಗು, ಎಲ್ಲಿಗಾದ್ರೂ ಹೋಗು" ಎಂದ.

"ಹೋಯ್ತೀನಿ ಬುಡು" ಎಂದಳು ಸುನಂದಾ. ಹೋಗಲು ಅವಳಿಗೆ ಜಾಗವಿರಲಿಲ್ಲ. ಅದು ಮೂವರಿಗೂ ಗೊತ್ತಿತ್ತು.

ಚಿಕ್ಕಗೌರಮ್ಮ ಬಾಯಿಬಿಟ್ಟಳು. "ಹೋಗ್ಲಿ, ಬ್ಯಾಡ ಅಂದೋರ್ಯಾರು? ಕಲಸಿದೋಳು ವಿಂಗಡಿಸಿಕೊಟ್ಟು ಹೋಗ್ಲಿ."

"ಮೂರು ಸಾವಿರ ಕಾಯಿ ಕಣೇ!"

"ಮೂವತ್ತೈದು ವರ್ಷ ನಿಮ್ಮ ಮಾತು ಕೇಳಿದೀನಿ, ಮೂರು ಸಾವಿರ ಕಾಯಿ ಕೇಳಕ್ಕಾಗಲ್ವಾ?"

ಸೋಮವಾರ ಬೆಳಿಗ್ಗೆ ಸುನಂದಾ ಬುಟ್ಟಿ ಬುಟ್ಟಿ ಕಾಯಿ ಇಳಿಸಿದಳು. ಚಿಕ್ಕಗೌರಮ್ಮ ಜಗಲಿಯ ಮೇಲೆ ಕಾಲು ಚಾಚಿ ಕೂತು, ಒಂದೊಂದನ್ನೇ ಕಿವಿಯ ಬಳಿ ಅಲ್ಲಾಡಿಸಿ ಬೇರೆ ಬೇರೆ ಗುಡ್ಡೆಗೆ ಉರುಳಿಸತೊಡಗಿದಳು. ತುಂಬ ನೀರಿದ್ದರೆ ಸದ್ದು ಕಡಿಮೆ. ಅರ್ಧ ಹಿಂಗಿದ್ದರೆ ಕುಲುಕುಲು. ಪೂರ್ತಿ ಆಗಿದ್ದರೆ ಒಳಗೆ ಉಂಡೆ ಗಡಗಡ ಉರುಳುತ್ತದೆ. ನೀರು ಹಿಂಗಿಯೂ ತಿರುಳು ಚಿಪ್ಪನ್ನು ಹಿಡಿದುಕೊಂಡ ಕಾಯಿ ಮಾತ್ರ ಏನೂ ಹೇಳುವುದಿಲ್ಲ. ಕಷ್ಟವಿರುವುದು ಅಲ್ಲೇ.

ಸುನಂದಾಳಿಗೆ ನಂಬಿಕೆ ಬರಲಿಲ್ಲ. ವಿಂಗಡಿಸಿದ ಒಂದು ಕಾಯಿಯ ತಳಕ್ಕೆ ಸೀಮೆಸುಣ್ಣದ ಚುಕ್ಕೆ ಇಟ್ಟು, ಗುಟ್ಟಾಗಿ ಮತ್ತೆ ಬುಟ್ಟಿಗೆ ಸೇರಿಸಿದಳು. ಅದು ಅದೇ ಗುಡ್ಡೆಗೆ ಹೋಯಿತು. ಇನ್ನೊಮ್ಮೆ ಸೇರಿಸಿದಳು. ಚಿಕ್ಕಗೌರಮ್ಮ ಅಲ್ಲಾಡಿಸಿ, ಕಾಯಿಯನ್ನಾಗಲೀ ಮಗಳನ್ನಾಗಲೀ ನೋಡದೆ ಹೇಳಿದಳು: "ಇದಕ್ಕಿದು ಮೂರನೇ ಸಲ ಕಣವ್ವ. ಪಾಪ, ಅದಕ್ಕೂ ಸುಸ್ತಾಗಿರ್ತದೆ."

ಸುನಂದಾ ಸೀಮೆಸುಣ್ಣ ಎಸೆದು ಇನ್ನೊಂದು ಬುಟ್ಟಿ ಇಳಿಸಲು ಎದ್ದಳು.

ಮಂಗಳವಾರ ಮರುಳಸಿದ್ದಯ್ಯ ತೋಟಕ್ಕೆ ಹೋಗುವ ನೆಪದಲ್ಲಿ ಜಗಲಿಯ ಮುಂದೆ ನಾಲ್ಕು ಸಲ ಸುಳಿದ. ಐದನೇ ಸಲ ಚಿಕ್ಕಗೌರಮ್ಮ ಸದ್ದಿಲ್ಲದ ಕಾಯಿಯೊಂದನ್ನು ಅವನತ್ತ ನೀಡಿದಳು. "ಇದೇನ್ ನೋಡ್ರೀ." ಅವನು ಅಂಗೈಯಲ್ಲಿ ಕಾಯಿ ತೂಗಿ, "ವೈಶಾಖದ್ದು" ಎಂದ. ಅವಳು ಹೌದೆಂದು ತಲೆಯಾಡಿಸಿದಳು. ಅವನು ಕೂತ.

ಸುನಂದಾ ಏನೋ ಕೇಳಿದಳು. ಅಪ್ಪ ಉತ್ತರಿಸಲಿಲ್ಲ. ಅವಳ ಮುಖ ಗಂಟಿಕ್ಕಿದ್ದನ್ನು ಕಂಡ ಚಿಕ್ಕಗೌರಮ್ಮ ಮೆಲ್ಲಗೆ, "ಜೋರಾಗಿ ಕೇಳು. ಎರಡು ವರ್ಷದಿಂದ ಅವರಿಗೆ ಕಿವಿ ಮಂದ. ನೀನು ಗೊಣಗಿದ್ರೆ ಬೈದೆ ಅನ್ಕತಾರೆ" ಎಂದಳು. ಮಟ್ಟೆಗಳನ್ನೇ ಅಪ್ಪ ಅಷ್ಟೊಂದು ನೆಚ್ಚಿಕೊಂಡಿದ್ದೇಕೆಂದು ಸುನಂದಾಳಿಗೆ ಆಗ ಹೊಳೆಯಿತು. ಕಾಯಿಯ ಸದ್ದು ಅವನಿಗೆ ಕೇಳಿಸುತ್ತಲೇ ಇರಲಿಲ್ಲ.

ಆಮೇಲೆ ಬುಧವಾರ ಸಂಜೆಯವರೆಗೂ ಅವಳು ಬುಟ್ಟಿ ಹೊರುತ್ತ ಅವರಿಬ್ಬರನ್ನೇ ನೋಡಿದಳು. ಸದ್ದಿಲ್ಲದ ಕಾಯಿ ಐದುನೂರಕ್ಕೂ ಹೆಚ್ಚಿದ್ದವು. ಮೊದಲು ಅವಳ ಕಿವಿ, ಆಮೇಲೆ ಅವನ ಕೈ. ನಡುವೆ "ಹೂಂ" ಬಿಟ್ಟರೆ ಮಾತಿಲ್ಲ. ಒಂದು ಕಾಯಿಯಲ್ಲೂ ಭಿನ್ನಾಭಿಪ್ರಾಯ ಬರಲಿಲ್ಲ. ಇಷ್ಟು ದಿನ ಈ ಮನೆಯಲ್ಲಿ ಅವ್ವನಿಗೆ ಮಾತೇ ಇಲ್ಲ ಎಂದುಕೊಂಡಿದ್ದ ಸುನಂದಾ, ಹೊತ್ತ ಬುಟ್ಟಿ ಇಳಿಸುವುದನ್ನೂ ಮರೆತು ನಿಂತುಬಿಡುತ್ತಿದ್ದಳು.

ಗುರುವಾರ ಲಕ್ಷ್ಮಯ್ಯನ ತಂಡ ಬಂದು ಸುಲಿಯಿತು, ಚಿಪ್ಪು ಒಡೆಯಿತು. ಒಂದರ ಹಿಂದೊಂದು ಇಡೀ ಉಂಡೆಗಳು ಹೊರಬಿದ್ದವು. ಮಾಘದ ಒಂಬೈನೂರು ಕಾಯಿಗಳಲ್ಲಿ ಚೂರಾದದ್ದು ಮೂರು.

"ಏನಮ್ಮಣ್ಣಿ, ಒಳಗೆ ಇಣುಕಿ ನೋಡಿ ಇಟ್ಟಂಗದಲ್ಲ!" ಎಂದ ಲಕ್ಷ್ಮಯ್ಯ. ಕೊನೆಗೆ ಒಂದು ಕಾಯಿ ಎತ್ತಿದ. "ಇದೇನ್ ಮಾಡಣ?"

ಚಿಕ್ಕಗೌರಮ್ಮ ಅಲ್ಲಾಡಿಸಿ, "ಒಡೀಬೌದು" ಎಂದಳು. ಮರುಳಸಿದ್ದಯ್ಯ ತೂಗಿ, "ಆಗಿಲ್ಲ" ಎಂದ. ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಿ, ಇಬ್ಬರೂ ಮಗಳ ಕಡೆ ತಿರುಗಿದರು.

ಸುನಂದಾ ಕಾಯಿ ತೆಗೆದುಕೊಂಡು ಅಲ್ಲಾಡಿಸಿದಳು. ತೂಗಿದಳು. "ನಂಗೇನೂ ಗೊತ್ತಾಗಲ್ಲಪ್ಪ" ಎಂದಳು ಜೋರಾಗಿ. "ಇನ್ನೊಂದು ತಿಂಗಳು ಇಟ್ಟು ನೋಡಣ."

"ತಿಂಗಳು ಬಿಟ್ಟು ನೋಡೋರ್ಯಾರು?" ಎಂದ ಮರುಳಸಿದ್ದಯ್ಯ.

ಚಿಕ್ಕಗೌರಮ್ಮ ನಾರು ಬಾಚುತ್ತಿದ್ದ ಕೈ ನಿಲ್ಲಿಸಿದಳು.

"ನಾನು" ಎಂದಳು ಸುನಂದಾ.

ಮರುಳಸಿದ್ದಯ್ಯನಿಗೆ ಕೇಳಿಸಿತು. "ಸರಿ, ಮೇಲಿಟ್ಟು ಬಾ" ಎಂದ. "ಎಲ್ಲಿ ಇಟ್ಟೆ ಅಂತ ನೆನಪಿರ್ಲಿ."