ರಾಗಮ್ಮನ ಕೆಂಪು

ರಾಗ್ನಾ ಅವರ ಕೈಬೆರಳುಗಳಿಗೆ ಸ್ವಂತ ಬಣ್ಣ ಎಂಬುದೇ ಇರಲಿಲ್ಲ. ಒಂದು ದಿನ ಅರಿಸಿನ ಅರೆದವರ ಹಾಗೆ ಹಳದಿ, ಇನ್ನೊಂದು ದಿನ ನೇರಳೆಹಣ್ಣು ತಿಂದ ಮಕ್ಕಳ ಹಾಗೆ ನೀಲಿ. 2020ರಲ್ಲಿ ನಾವು ಅಮೆರಿಕದ ಕ್ಯಾರಿ ಎಂಬ ಊರಿನ ಈ ಮನೆಗೆ ಬಂದ ವಾರ, ಮಾಸ್ಕ್ ಹಾಕಿಕೊಂಡ ಎತ್ತರದ ಮುದುಕಿಯೊಬ್ಬರು ಬೇಲಿಯಾಚೆಯಿಂದ, ಮೊಣಕೈವರೆಗೆ ರಕ್ತಗೆಂಪಾದ ಕೈ ಬೀಸಿ "ವೆಲ್‌ಕಮ್" ಎಂದರು. ನಾನು ಮಗಳು ಅನ್ವಿಯನ್ನು ಎಳೆದುಕೊಂಡು ಒಳಗೋಡಿ ಬಾಗಿಲು ಹಾಕಿದೆ. ಮೊದಲೇ ನಾನು ಪುಕ್ಕಲಿ. ಆ ವರ್ಷವಂತೂ ಬದನೆಕಾಯಿಯನ್ನೂ ಸೋಪು ಹಾಕಿ ತೊಳೆಯುತ್ತಿದ್ದೆ.

ಅವರು ಕೊಲೆಗಾರ್ತಿಯಲ್ಲ, ನೇಕಾರ್ತಿ ಎಂದು ತಿಳಿಯಲು ತಿಂಗಳು ಹಿಡಿಯಿತು. ನಾರ್ವೆಯ ಪಶ್ಚಿಮ ಕರಾವಳಿಯ ಮೀನುಗಾರರ ಊರಿನವರು. ದೋಣಿಯಲ್ಲಿ ರಾತ್ರಿ ಕಳೆಯುವ ಗಂಡಸರಿಗಾಗಿ ಅವರ ಅಜ್ಜಿ ಉಣ್ಣೆಯ ದಪ್ಪ ಹೊದಿಕೆ ನೇಯುತ್ತಿದ್ದರಂತೆ. ಮೊಮ್ಮಗಳು ಆ ಮಗ್ಗದ ಪಕ್ಕ ಕೂತೇ ವಿದ್ಯೆ ಕಲಿತರು. ಯೂನಿವರ್ಸಿಟಿಯಲ್ಲಿ ಪಾಠ ಹೇಳುವ ಗಂಡನ ಹಿಂದೆ ಅಮೆರಿಕಕ್ಕೆ ಬಂದು, ಗೋಡೆಯಗಲದ ಚಿತ್ರಗಳನ್ನು ಉಣ್ಣೆಯಲ್ಲಿ ನೇಯ್ದು ಹೆಸರು ಮಾಡಿದರು. ಗಂಡ ತೀರಿಕೊಂಡ ಮೇಲೂ ಮಗ್ಗ ನಿಲ್ಲಲಿಲ್ಲ. ಅಂಗಡಿಯ ಬಣ್ಣ ಮುಟ್ಟುತ್ತಿರಲಿಲ್ಲ. ಈರುಳ್ಳಿ ಸಿಪ್ಪೆ, ಕಲ್ಲುಹೂವು, ಎಲ್ಲಕ್ಕಿಂತ ಹೆಚ್ಚಾಗಿ ಕಾಡಿನ ಅಣಬೆ. ಎಲೆ ಉದುರುವ ಕಾಲಕ್ಕೆ ಪೈನ್ ಮರಗಳ ಬುಡ ಕೆದಕಿ ಬುಟ್ಟಿ ತುಂಬಿಸಿ ತಂದು ಗ್ಯಾರೇಜಿನಲ್ಲಿ ಕುದಿಸಿದರೆ, ಆ ಕೆಂಪು ನೋಡಲು ಎರಡು ಕಣ್ಣು ಸಾಲದು. ನೇಯ್ಗೆಯಲ್ಲಿ ಒಂದು ಎಳೆ ತಪ್ಪಿದರೂ ವಾರದ ಕೆಲಸವನ್ನು ಬಿಚ್ಚಿ ಹಾಕುವರು. "ಮೊದಲು ಬಿಚ್ಚು, ಆಮೇಲೆ ಅಳು" ಎನ್ನುವರು. ಅನ್ವಿಯ ಹೋಮ್‌ವರ್ಕ್ ತಪ್ಪಾದಾಗಲೂ ಅದೇ ಉಪದೇಶ.

ವಿಮಾನಗಳು ಸರಿಯಾಗಿ ಹಾರತೊಡಗಿದ ಮೇಲೆ ಪುತ್ತೂರಿನಿಂದ ಅಮ್ಮ ಬಂದಳು. ಅವಳಿಗೆ ಇಂಗ್ಲಿಷ್ ಬಾರದು, ಅವರಿಗೆ ಕನ್ನಡ ಬಾರದು. ಆದರೂ ರಾಗ್ನಾ ವಾರದೊಳಗೆ 'ರಾಗಮ್ಮ' ಆಗಿಬಿಟ್ಟರು. ಪಟಿಕ ಹಾಕಿದರೆ ಬಣ್ಣ ನಿಲ್ಲುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಸ್ನೇಹಕ್ಕೆ ಅಷ್ಟು ಸಾಕಾಯಿತು. ಅಮ್ಮ ಸ್ಟೀಲ್ ಪಾತ್ರೆಯಲ್ಲಿ ಪಾಯಸ ಕಳಿಸುವಳು. ಕೊಟ್ಟ ಪಾತ್ರೆಯನ್ನು ನಮ್ಮಲ್ಲಿ ಖಾಲಿ ಹಿಂದಿರುಗಿಸುವುದಿಲ್ಲ ಎಂದು ಅನ್ವಿ ಹೇಳಿದ್ದೇ ತಡ, ರಾಗಮ್ಮ ತಾವು ಮಾಡಿದ ಬೆರಿ ಹಣ್ಣಿನ ಶರಬತ್ತು ತುಂಬಿಸಿ ಕಳಿಸತೊಡಗಿದರು.

"ನಮ್ಮ ಪುನರ್ಪುಳಿ ಶರಬತ್ತಿನದ್ದೇ ಬಣ್ಣ ಮಾರಾಯ್ತಿ! ರುಚಿಯೂ ಹಾಗೇ ಉಂಟು," ಎಂದು ಅಮ್ಮ ಚಪ್ಪರಿಸಿ ಕುಡಿಯುವಳು.

ಶರಬತ್ತು, ಅಣಬೆಯ ರಸ ಎರಡೂ ಗ್ಯಾರೇಜಿನ ಒಂದೇ ಫ್ರಿಜ್ಜಿನಲ್ಲಿ, ಒಂದೇ ಥರದ ಬಾಟಲಿಗಳಲ್ಲಿ ಇರುತ್ತಿದ್ದವು. ಕುಡಿಯುವುದರ ಕತ್ತಿಗೆ ಹಸಿರು ನೂಲು, ಕುಡಿಯಬಾರದ್ದಕ್ಕೆ ಕೆಂಪು. "ಆಂಟಿ, ಲೇಬಲ್ ಹಾಕಬಾರದಾ?" ಎಂದು ನಾನು ಕೇಳಿದ್ದೆ. "ಹುಟ್ಟಿದಾಗಿನಿಂದ ಬಣ್ಣ ನೋಡಿದವಳಿಗೆ ಅಕ್ಷರ ಬೇರೆ ಬೇಕೇ?" ಎಂದು ನಕ್ಕಿದ್ದರು.

ಅಕ್ಟೋಬರಿನ ಒಂದು ಮಧ್ಯಾಹ್ನ ನಾನು ಮನೆಯಿಂದಲೇ ಆಫೀಸಿನ ಮೀಟಿಂಗಿನಲ್ಲಿದ್ದಾಗ ಹಿಂಬಾಗಿಲು ದಡಾರೆಂದು ತೆರೆಯಿತು. ರಾಗಮ್ಮ. ಬರಿಗಾಲು, ಕೈಯಲ್ಲೊಂದು ಬಾಟಲಿ.

"ಅಮ್ಮ ಕುಡಿದರಾ? ಬೆಳಿಗ್ಗೆ ಕಳಿಸಿದ್ದನ್ನು ಕುಡಿದರಾ?"

ಅವರ ಬೆರಳುಗಳು ಅಂಟಂಟಾಗಿದ್ದವು. ನೂಲು ಅದ್ದಲು ತೆಗೆದ ಬಾಟಲಿಯಲ್ಲಿ ಸಕ್ಕರೆಯ ಶರಬತ್ತಿತ್ತು. ಹಾಗಾದರೆ ನಮ್ಮ ಪಾತ್ರೆಗೆ ಸುರಿದದ್ದು ಅಣಬೆಯ ರಸ. ಅಮ್ಮ ಊಟದ ಮೇಜಿನ ಮುಂದೆ ಖಾಲಿ ಲೋಟ ಹಿಡಿದು ಕೂತಿದ್ದಳು.

"ಇವತ್ತು ಸ್ವಲ್ಪ ಮಣ್ಣಿನ ವಾಸನೆ. ಸಕ್ಕರೆ ಹಾಕಿ ಕುಡಿದೆ. ಪ್ರೀತಿಯಲ್ಲಿ ಕೊಟ್ಟದ್ದನ್ನು ಚೆಲ್ಲುವುದು ಹೇಗೆ?"

ಇಬ್ಬರನ್ನೂ ಕಾರಿಗೆ ಹತ್ತಿಸಿದೆ. ಆಸ್ಪತ್ರೆಗೆ ಹೇಗೆ ಡ್ರೈವ್ ಮಾಡಿದೆನೋ ಇಂದಿಗೂ ನೆನಪಿಲ್ಲ.

ಅಲ್ಲಿನ ಡಾಕ್ಟರ್ ವಿವರಿಸಿದರು: ರಾಗಮ್ಮ ಬಳಸುವ ಅಣಬೆಯಿಂದ ಅಂಥ ಅಪಾಯವಿಲ್ಲ. ಆದರೆ ಅದನ್ನೇ ಹೋಲುವ ಇನ್ನೊಂದಿದೆ. ಅದು ಸದ್ದಿಲ್ಲದೆ ಕಿಡ್ನಿಯನ್ನು ತಿನ್ನುತ್ತದೆ. ಗೊತ್ತಾಗುವಾಗ ವಾರಗಳೇ ಕಳೆದಿರುತ್ತವೆ. ಅಣಬೆಯ ಕೊಡೆಯ ಅಡಿಭಾಗದ ಗೆರೆಗಳು ಕೆಂಪೋ ಕಂದೋ ಎಂಬುದರಲ್ಲೇ ವ್ಯತ್ಯಾಸ. "ನೀವು ಕಿತ್ತದ್ದು ಕೆಂಪಿನದೇ ತಾನೆ? ಖಂಡಿತವಾದರೆ ಇವರನ್ನು ಮನೆಗೆ ಕಳಿಸುತ್ತೇನೆ."

ನಾನು ರಾಗಮ್ಮನ ಬಾಯಿಯನ್ನೇ ನೋಡುತ್ತಿದ್ದೆ. ಖಂಡಿತ ಎನ್ನಲಿ ದೇವರೇ ಎಂದು ಮಂಜುನಾಥನಿಗೆ ಹರಕೆ ಹೊತ್ತೆ. ಪ್ರತಿ ಅಣಬೆಯೂ ಸ್ವಂತ ತಂಗಿಯಷ್ಟು ಪರಿಚಯ ಎನ್ನುತ್ತಿದ್ದವರಲ್ಲವೇ?

"ಹೇಳಲಾರೆ," ಎಂದರು ಅವರು. "ಒಂದು ವರ್ಷದಿಂದ ನನಗೆ ಕೆಂಪು ಕಾಣಿಸುತ್ತಿಲ್ಲ. ಕೆಂಪು, ಕಂದು, ಹಸಿರು ಎಲ್ಲ ಒಂದೇ ಬೂದು. ಯಾರಿಗೂ ಹೇಳಿಲ್ಲ. ಹೇಳಿದರೆ ನನ್ನ ಕೆಲಸ ಮುಗಿಯಿತಲ್ಲ."

ಅವರನ್ನು ಹಿಡಿದು ಅಲುಗಾಡಿಸಬೇಕೆನಿಸುವಷ್ಟು ಕೋಪ ಬಂತು. ಆದರೆ ಆ ಒಂದು ಮಾತಿನಿಂದಲೇ ಡಾಕ್ಟರ್ ಅಮ್ಮನನ್ನು ದಾಖಲು ಮಾಡಿಕೊಂಡರು.

ಆಮೇಲೆ ವಾರಗಟ್ಟಲೆ ಕಾಯುವುದೇ ಆಯಿತು. ಮನೆಗೆ ಬಂದ ಮೇಲೂ ಮತ್ತೆ ಮತ್ತೆ ರಕ್ತಪರೀಕ್ಷೆ. ಅಮ್ಮ ನೀರು ಕುಡಿದರೆ ಹೆದರಿಕೆ, ಕುಡಿಯದಿದ್ದರೂ ಹೆದರಿಕೆ. ಸೊಂಟ ನೋವೆಂದರೆ ನನ್ನ ಜೀವ ಬಾಯಿಗೆ ಬರುವುದು. "ಎಂತಕ್ಕೆ ಹಾಗೆ ನೋಡ್ತೀ? ನಾನು ಇನ್ನೂ ಇದ್ದೇನೆ," ಎಂದು ಅವಳೇ ರೇಗುವಳು. ದಿನಾ ಬೆಳಿಗ್ಗೆ ರಾಗಮ್ಮ ನಮ್ಮ ಡ್ರೈವ್‌ವೇಯ ತುದಿಯಲ್ಲಿ ಬಂದು ನಿಲ್ಲುವರು. ಕರೆದರೂ ಒಳಗೆ ಬರಲೊಲ್ಲರು. ಅಮ್ಮ ಕಿಟಕಿಯ ಪರದೆ ಸರಿಸಿ ಕೈಯೆತ್ತಿದ ಮೇಲೆಯೇ ಹಿಂದಿರುಗುವರು.

"ಅಮ್ಮಾ, ಶೀ ಈಸ್ ಸೋ ಸ್ಕೇರ್ಡ್," ಎಂದಳು ಅನ್ವಿ. "ಅಜ್ಜಿಗಿಂತ ಜಾಸ್ತಿ."

ಕೊನೆಗೊಂದು ದಿನ ಡಾಕ್ಟರ್ ಫೋನ್ ಮಾಡಿ, ಎಲ್ಲ ನಾರ್ಮಲ್, ಇನ್ನು ಬರಬೇಕಿಲ್ಲ ಎಂದರು. ನಾನು ರಾಗಮ್ಮನ ಮನೆಗೆ ಓಡಿದೆ. ಗ್ಯಾರೇಜು ತೆರೆದಿತ್ತು. ಬಾಟಲಿಗಳೆಲ್ಲ ಖಾಲಿ. ನಾರ್ವೆಯಲ್ಲಿರುವ ಅವರ ಮಗ ಮರುದಿನ ಬಂದು ಅಲ್ಲಿಗೇ ಕರೆದೊಯ್ಯುವವನಿದ್ದ. ಮಗ್ಗದಲ್ಲಿ ಅರ್ಧ ನೇಯ್ದ ಸಮುದ್ರವಿತ್ತು.

"ಆಂಟಿ, ಅಮ್ಮನಿಗೆ ಏನೂ ಆಗಿಲ್ಲ. ಕಿಡ್ನಿ ಚೆನ್ನಾಗಿದೆ."

"ಇನ್ನೊಮ್ಮೆ ಹೇಳು."

ಇನ್ನೊಮ್ಮೆ ಹೇಳಿದೆ. ಅವರು ಮಗ್ಗದ ಮುಂದಿನ ಹಲಗೆಯ ಮೇಲೆ ಕುಸಿದು ಕೂತರು. ನೇಯ್ಗೆಯ ಮೇಲಂಚನ್ನು ಮುಟ್ಟಿ ಕೇಳಿದರು: "ಇದು ಸೂರ್ಯ ಮುಳುಗುವ ಜಾಗ. ನಿಜ ಹೇಳು. ಕೆಂಪಾಗಿದೆಯಾ?"

ನೋಡಿದೆ. ಕೆಂಪಿನ ನಡುವೆ ಹಸಿರು, ಕಂದು ಎಳೆಗಳು ಎಲ್ಲೆಂದರಲ್ಲಿ ನುಗ್ಗಿದ್ದವು.

"ಇಲ್ಲ ಆಂಟಿ."

ತಲೆಯಾಡಿಸಿದರು. ನನ್ನ ಮುಂಗೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದುಕೊಂಡರು.

"ಇಷ್ಟು ದಿನ ನಿನ್ನ ಅಮ್ಮನಿಗಾಗಿ ಹೆದರಿದೆ," ಎಂದರು. "ಇನ್ನು ನನಗಾಗಿ ಹೆದರಬಹುದು."