ಏಳು ಹೊಲಿಗೆಯ ಡಾಕ್ಟರು

ನನ್ನ ಎಡಗೈಯ ಹೆಬ್ಬೆರಳ ಬುಡದಲ್ಲಿ ಏಳು ಹೊಲಿಗೆಗಳ ಗುರುತು ಇದೆ. ಮದುವೆ ಮನೆಯಲ್ಲಿ ಊಟಕ್ಕೆ ಕೂತರೂ ಪಕ್ಕದವರಿಗೆ ಅದನ್ನು ತೋರಿಸುವ ಚಾಳಿ ನನಗೆ. ತೋರಿಸಲು ನನ್ನಲ್ಲಿ ಬೇರೇನೂ ಇಲ್ಲ ಎಂಬುದು ಹೆಂಡತಿಯ ಅಭಿಪ್ರಾಯ. ಅದು ಸುಳ್ಳು. ಮಂಗಲ್ಪಾಡಿಯಲ್ಲಿ ನಾನು ಕೂರಿಸಿದ ಬಾಗಿಲುಗಳಲ್ಲಿ ಒಂದೂ ಮಳೆಗಾಲಕ್ಕೆ ಬಿಗಿದುಕೊಳ್ಳುವುದಿಲ್ಲ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಅದೇ ಸರ್ಟಿಫಿಕೇಟು.

ಅಂಥವನಿಗೆ ಈಗ ಬರೆಯಲು ಹೇಳಿದ್ದಾರೆ. ನಮ್ಮ ಕಡೆಗೆ ಮೊದಲು ಇಂಗ್ಲಿಷ್ ಮದ್ದು ತಂದ ಡಾಕ್ಟರರ ನೆನಪಿಗೆ ಒಂದು ಪುಸ್ತಕ ಬರುತ್ತಿದೆ. ಅವರ ಮೊಮ್ಮಗಳು ರೀಟಾ ಕೂಡ ಡಾಕ್ಟರು, ಅಜ್ಜನ ಕ್ಲಿನಿಕ್ಕಿನಲ್ಲೇ ಕೂರುತ್ತಾರೆ. "ನಿಮಗೆ ಗೊತ್ತಿದ್ದದ್ದು ಬರೀರಿ ಆಚಾರ್ರೆ, ಮನೆತನದ ವಿಷಯವೂ ಇರಲಿ" ಎಂದರು.

ನನಗೆ ಗೊತ್ತಿದ್ದದ್ದು ಇಷ್ಟು. ಆ ಕಾಲದಲ್ಲಿ ಮದ್ದಿಗೆ ಬಾಟಲಿ ನಾವೇ ಒಯ್ಯಬೇಕಿತ್ತು. ಡಾಕ್ಟರರು ಕೆಂಪು ನೀರು ತುಂಬಿಸಿ, ಬದಿಗೆ ಒಂದು ಕಾಗದದ ಪಟ್ಟಿ ಅಂಟಿಸುತ್ತಿದ್ದರು. ಪಟ್ಟಿಯ ಅಂಚಿನಲ್ಲಿ ಕತ್ತರಿಸಿದ ಕಚ್ಚುಗಳು. ಒಂದು ಕಚ್ಚಿನಿಂದ ಇನ್ನೊಂದಕ್ಕೆ ಇಳಿದರೆ ಒಂದು ಹೊತ್ತಿನ ಮದ್ದು. ಬೇರೆಯವರು ಕುಡಿದು ಗುಣವಾಗುತ್ತಿದ್ದರು. ನಾನು ಅಳತೆಯ ಮನುಷ್ಯ. ಜ್ವರದಲ್ಲಿಯೂ ಅಲ್ಲೇ ಬೆಂಚಿನ ಮೇಲೆ ಕೂತು, ಸೊಂಟದ ಮಡಿಸುವ ಸ್ಕೇಲು ತೆಗೆದು ಕಚ್ಚುಗಳನ್ನು ಅಳೆಯತೊಡಗಿದೆ.

"ಎಂತ ಮಾರಾಯ, ಮದ್ದಿಗೆ ಬಾಗಿಲು ಇಡ್ಲಿಕ್ಕುಂಟಾ?" ಎಂದರು ಡಾಕ್ಟರರು.

ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಇದು ಹೇಗೆಂದು ಕೇಳಿದ್ದಕ್ಕೆ ದೊಡ್ಡದೊಂದು ಕಪ್ಪು ಕತ್ತರಿ ಎತ್ತಿ ತೋರಿಸಿದರು. "ಅಪ್ಪನದ್ದು. ನಾನು ಟೈಲರನ ಮಗ ಅಲ್ವಾ." ಅಪ್ಪ ಉಪ್ಪಳದ ಜವಳಿ ಅಂಗಡಿಯೊಂದರ ಜಗಲಿಯಲ್ಲಿ ಮೆಷಿನ್ ತುಳಿದು, ಅಮ್ಮ ಮನೆಯಲ್ಲಿ ಗುಂಡಿ ಹೊಲಿದು, ಮಗನನ್ನು ಡಾಕ್ಟರಿಕೆಗೆ ಕಳಿಸಿದ್ದಂತೆ. ಮುಂದೆ ಉಳಿ ಜಾರಿ ನನ್ನ ಕೈ ಸೀಳಿದಾಗ ಸೂಜಿ ಕಂಡು ನಾನು ಬಿಳಿಚಿಕೊಂಡೆ. "ಹೆದರಬೇಡ, ನಮ್ಮಪ್ಪ ಇದಕ್ಕಿಂತ ದಪ್ಪ ಬಟ್ಟೆ ಹೊಲಿದವರು" ಎಂದರು. ನಾನು ನಗುವಷ್ಟರಲ್ಲಿ ಮೂರು ಹೊಲಿಗೆ ಮುಗಿದಿತ್ತು.

ಇದನ್ನೇ ಬರೆಯುತ್ತಿದ್ದೆ, ಆಗ ಡಾಕ್ಟರರ ಮಗನ ಫೋನು. ರೀಟಾ ಅವರ ತಂದೆ, ಮಂಗಳೂರಲ್ಲಿರುವವರು, ಬಹಳ ಮರ್ಯಾದಸ್ಥ. ಏನು ಬರೆಯುತ್ತಿದ್ದೀರಿ ಎಂದು ಕೇಳಿದರು, ಹೇಳಿದೆ. "ಅಜ್ಜನ ಮೆಷಿನ್ ಎಲ್ಲ ಎಂತಕ್ಕೆ ಆಚಾರ್ರೆ? 'ಪ್ರತಿಷ್ಠಿತ ಮನೆತನ' ಅಂತ ಹಾಕಿದ್ರೆ ಸಾಕು. ನೆಂಟರು ಓದುವ ಪುಸ್ತಕ."

ಹಲಸಿನ ಬಾಗಿಲಿಗೆ ಪಾಲಿಶ್ ಬಳಿದು ಸಾಗುವಾನಿ ಎನ್ನುವವರನ್ನು ಕಂಡರೆ ನನಗಾಗದು. ಹಲಸಿಗೆ ಏನು ಕಡಿಮೆ? ಆದರೆ ಬಾಗಿಲು ನನ್ನದಲ್ಲ, ಅಜ್ಜನೂ ನನ್ನವರಲ್ಲ. ಟೈಲರನ ಆ ಸಾಲು ಹೋದರೆ ನಾನು ಕಂಡ ಡಾಕ್ಟರರೇ ಪುಸ್ತಕದಲ್ಲಿ ಇರುವುದಿಲ್ಲ. ಇಟ್ಟರೆ ಅವರ ಮಗನ ಮುಖ ಬಾಡುತ್ತದೆ. ಎರಡು ದಿನ ಪೆನ್ನು ಕಿವಿಯ ಮೇಲೆಯೇ ಉಳಿಯಿತು. ಕೊನೆಗೆ ಆ ಸಾಲಿನ ಜಾಗ ಖಾಲಿ ಬಿಟ್ಟು, ಕಾಗದವನ್ನು ರೀಟಾ ಅವರಿಗೆ ಒಯ್ದು ಕೊಟ್ಟೆ. ಕೊಡುವಾಗ ಕೈಯನ್ನೂ ತೋರಿಸಿದೆ, ಚಾಳಿ.

ಅವರು ಕನ್ನಡಕ ಹಾಕಿ, ಗುರುತಿನ ಮೇಲೆ ಬೆರಳಾಡಿಸಿದರು. "ಏಳಕ್ಕೆ ಏಳೂ ಒಂದೇ ಅಂತರ. ಯಾರು ಹಾಕಿದ್ದು?"

"ನಿಮ್ಮ ಅಜ್ಜ. ಕೈ ಮಾತ್ರ ಅವರ ಅಪ್ಪನದ್ದು" ಎಂದು ಎಲ್ಲವನ್ನೂ ಹೇಳಿದೆ, ಫೋನಿನ ವಿಷಯವನ್ನೂ.

ಅವರು ಮೇಜಿನ ಖಾನೆ ಎಳೆದು ಅದೇ ಕಪ್ಪು ಕತ್ತರಿ ತೆಗೆದರು. "ಕ್ಲಿನಿಕ್ಕಿಗೆ ಇಷ್ಟು ದೊಡ್ಡ ಕತ್ತರಿ ಎಂತಕ್ಕೆ ಅಂತ ನನಗೆ ಯಾವಾಗಲೂ ಸಂಶಯ ಇತ್ತು." ಅಲ್ಲಿಂದಲೇ ತಂದೆಗೆ ಫೋನು ಮಾಡಿದರು. "ಪಪ್ಪಾ, ನೀವು ಹೇಳಿದ ಶಬ್ದ ಇರ್ಲಿ. ಆಚಾರ್ರು ಹೇಳಿದ್ದೂ ಇರ್ಲಿ. ಎರಡೂ ಒಂದೇ ಸಾಲಲ್ಲಿ ಕೂರ್ತದೆ." ಆ ಕಡೆಯಿಂದ ಬಂದದ್ದು ಒಂದೇ ಪ್ರಶ್ನೆ: "ಆ ಕತ್ತರಿ ಈಗಲೂ ಉಂಟಾ?"

ಹಾಗಾಗಿ ಆ ಪುಸ್ತಕದಲ್ಲಿ 'ಪ್ರತಿಷ್ಠಿತ ಟೈಲರ್ ಮನೆತನ' ಎಂದು ಓದಿದರೆ ಅಚ್ಚಿನ ತಪ್ಪು ಎಂದುಕೊಳ್ಳಬೇಡಿ. ಅಳೆದು ನೋಡಿಯೇ ಕೂರಿಸಿದ್ದು.