ಕೇಳಿಸಿದಷ್ಟೇ

ರೇಡಿಯೊ ಕೇಳುವಾಗ ಅವರ ಬಾಯಿ ತುಸು ತೆರೆದುಕೊಳ್ಳುತ್ತಿತ್ತು. ಕಣ್ಣು ಮುಚ್ಚಿ, ಗದ್ದವನ್ನು ಎಡಕ್ಕೆ ವಾಲಿಸಿ, ಕೆಳದುಟಿ ಸಡಿಲಬಿಟ್ಟು ಕೂತರೆಂದರೆ ಅಂಗಡಿಗೆ ಬಂದ ಗಿರಾಕಿ ಇವರಿಗೆ ಜೋಂಪು ಹತ್ತಿದೆ ಎಂದುಕೊಳ್ಳಬೇಕು. ಮಾತಾಡಿಸಿದರೆ ಎಡಗೈ ಎತ್ತಿ ತಡೆಯುತ್ತಿದ್ದರು. ಬಲಗೈ ಪೆನ್ಸಿಲ್ ಹಿಡಿದು ಬರೆಯುತ್ತಲೇ ಇರುತ್ತಿತ್ತು.

ಸೊರಬದಲ್ಲಿ ಅವರದು ಪಂಪಿನ ಮೋಟಾರಿಗೆ ತಂತಿ ಸುತ್ತುವ ವೈಂಡಿಂಗ್ ಅಂಗಡಿ. ಮನೆಗೆ ಹೊಂದಿಕೊಂಡಿದ್ದ ಅದರ ಹಿಂಭಾಗದಲ್ಲಿ ಅಗಲವಾದ ಒಂದು ಮೇಜು, ಅದರ ಮೇಲೆ ಹವ್ಯಾಸಿಗಳು ತಮ್ಮತಮ್ಮಲ್ಲೇ ಸಂದೇಶ ಕಳಿಸಿಕೊಳ್ಳುವ ಹ್ಯಾಮ್ ರೇಡಿಯೊ. ನಾನು ಶಿಕಾರಿಪುರದ ಶಾಲೆಯೊಂದರಲ್ಲಿ ಡ್ರಿಲ್ ಮೇಷ್ಟ್ರಾಗಿದ್ದು ನಿವೃತ್ತನಾದವನು. ಕುಪ್ಪಗಡ್ಡೆಯ ನನ್ನ ಷಡ್ಡಕನ ಮೋಟಾರು ಸುಟ್ಟಾಗ ಅವನ ಜೊತೆ ಅಲ್ಲಿಗೆ ಹೋಗಿದ್ದೆ. ಮೋಟಾರು ಎರಡು ದಿನಕ್ಕೆ ಸರಿಯಾಯಿತು. ನಾನು ಮಾತ್ರ ಆಮೇಲೂ ಪ್ರತಿ ಗುರುವಾರ ಮೊದಲ ಬಸ್ಸಿಗೆ ಹೋಗುತ್ತಲೇ ಇದ್ದೆ.

ಅವರನ್ನು ನಾನು ಸಾವ್ಕಾರ್ರೇ ಎನ್ನುತ್ತಿದ್ದೆ, ಅವರು ನನ್ನನ್ನು ಮೇಷ್ಟ್ರೇ ಎನ್ನುತ್ತಿದ್ದರು. ಮೋರ್ಸ್ ಸಂಕೇತವನ್ನು, ಅಂದರೆ ಗಿಡ್ಡ ಮತ್ತು ಉದ್ದ ಸದ್ದುಗಳಲ್ಲಿ ಅಕ್ಷರ ಕಳಿಸುವ ಪದ್ಧತಿಯನ್ನು, ಕಲಿಸಿದವರು ಅವರೇ. ಸದ್ದು ಕಳಿಸಲು ಬೆರಳಿಂದ ಒತ್ತುವ ಕೀಯನ್ನು ಮೂರು ತಿಂಗಳು ಮುಟ್ಟಲು ಬಿಡಲಿಲ್ಲ. "ಮೊದ್ಲು ಕಿವಿ, ಆಮೇಲೆ ಕೈ" ಎಂಬುದು ಅವರ ಕ್ರಮ. ಕ್ರಮವಿರುವ ಮನುಷ್ಯರು ನನಗೆ ಮೊದಲಿಂದಲೂ ಹಿಡಿಸುತ್ತಾರೆ.

ಕೊನೆಗೆ ಕೀ ಒತ್ತಿದಾಗ ಅವರು ನಕ್ಕುಬಿಟ್ಟರು.

"ಎಂತ ಮೇಷ್ಟ್ರೇ, ನಿಮ್ಮ ಕೈ ಲೆಫ್ಟ್ ರೈಟ್ ಮಾಡ್ತದೆ. ಇದು ಕವಾಯತಲ್ಲ ಮಾರಾಯ್ರೆ, ಮಾತು. ಮಾತಿಗೆ ಉಸಿರು ಇರ್ತದೆ."

ಮಣಿಕಟ್ಟಿನ ಮೇಲೆ ಬೆಂಕಿಪೊಟ್ಟಣ ಇಟ್ಟು, ಅದು ಬೀಳದ ಹಾಗೆ ಒತ್ತಿಸಿದರು. ಪೊಟ್ಟಣ ಬೀಳುವುದು ನಿಲ್ಲಲು ಒಂದು ಮಳೆಗಾಲ ಹಿಡಿಯಿತು. ಪರೀಕ್ಷೆ ಕಟ್ಟಿದೆ, ಲೈಸೆನ್ಸ್ ಬಂತು, ಮನೆಯ ತಾರಸಿಯಿಂದ ಹುಣಸೆಮರಕ್ಕೆ ಏರಿಯಲ್ ತಂತಿ ಕಟ್ಟಿದೆ.

ಬೆಳಿಗ್ಗೆ ಆರೂವರೆಗೆ ಅವರೂ ಸುತ್ತಲಿನ ಹತ್ತು ಹವ್ಯಾಸಿಗಳೂ ಒಂದೇ ತರಂಗದಲ್ಲಿ ಸೇರುವ ಕೂಟವಿತ್ತು. ಪ್ರತಿಯೊಬ್ಬರೂ ಇನ್ನೊಬ್ಬರ ಸದ್ದು ಎಷ್ಟು ಜೋರಾಗಿ ಬರುತ್ತಿದೆ ಎಂದು ಒಂಬತ್ತಕ್ಕೆ ಇಷ್ಟು ಅಂತ ಅಂಕ ಹೇಳಬೇಕು. ಮರ್ಯಾದೆಗೆ ಎಲ್ಲರೂ ಎಲ್ಲರಿಗೂ ಒಂಬತ್ತು ಕೊಡುವುದು ರೂಢಿ. ನನಗೂ ಮೊದಲ ದಿನವೇ ಉಳಿದೆಲ್ಲರಿಂದ ಒಂಬತ್ತು ಬಂತು. ಸಾವ್ಕಾರ್ರು ಕೊಟ್ಟದ್ದು ನಾಲ್ಕು.

ಗುರುವಾರ ಹೋಗಿ ಕೇಳಿದೆ.

"ಒಂಬತ್ತು ಅಂತ ಎಲ್ಲಾರಿಗೂ ಹಂಚೋಕೆ ಅದೇನು ಪ್ರಸಾದನಾ? ಕೇಳ್ಸಿದಷ್ಟು ಹೇಳ್ಬೇಕು. ನಾನು ಸುಳ್ಳು ಹೇಳಿದ್ರೆ ನಿಮ್ಮ ತಂತಿ ಸರಿ ಆಗ್ತದಾ?"

ಆ ನಾಲ್ಕರಿಂದಲೇ ನಾನು ಕಲಿತೆ. ತಂತಿ ಎತ್ತರಿಸಿದೆ, ಉದ್ದ ತಿದ್ದಿದೆ, ಬೆಸುಗೆ ಹೊಸದಾಗಿ ಹಾಕಿದೆ. ಐದಾಯಿತು, ಆರಾಯಿತು. ಅವರಿಂದ ಎಂಟು ಬಂದ ದಿನ ಮನೆಯಲ್ಲಿ ಹೋಳಿಗೆ ಮಾಡಲು ಹೇಳಿದೆ. "ಎಂಟಕ್ಕ ಹೋಳಿಗಿ ಕೇಳೋ ಮೇಷ್ಟ್ರನ್ನ ಈಗ ನೋಡಿದೆ" ಎಂದಳು ಹೆಂಡತಿ.

ಎರಡು ವರ್ಷದ ಬಳಿಕ ಅಂಕ ಇಳಿಯತೊಡಗಿತು. ಏಳು, ಐದು, ಮೂರು. ನಾನು ಮತ್ತೆ ಮರ ಹತ್ತಿದೆ, ಕೇಬಲ್ ಬದಲಿಸಿದೆ. "ತುದೀಲಿ ತುಕ್ಕು ಹಿಡ್ದಿರ್ತದೆ, ನೋಡಿ" ಎಂದು ಅವರು ಪ್ರತಿದಿನ ಕಳಿಸುತ್ತಿದ್ದರು. ತುಕ್ಕಿರಲಿಲ್ಲ. ದಿನದಿನದ ಅಂಕಗಳನ್ನೆಲ್ಲ ನಾನು ದಾಖಲೆ ಪುಸ್ತಕದಲ್ಲಿ ಬರೆದಿಡುತ್ತಿದ್ದೆ. ಒಂದು ಭಾನುವಾರ ಅದನ್ನು ತೆರೆದು ನೋಡಿದರೆ, ಅವರು ಹತ್ತೂ ಮಂದಿಗೆ ಕೊಡುತ್ತಿದ್ದ ಅಂಕ ಒಂದೇ ಸಮನೆ ಇಳಿದಿತ್ತು. ಅವರು ಸುಳ್ಳು ಹೇಳುತ್ತಿರಲಿಲ್ಲ. ಕೇಳಿಸಿದಷ್ಟೇ ಹೇಳುತ್ತಿದ್ದರು.

ಇದನ್ನು ಗುರುವಾರ ಹೋಗಿ, ಅಂಗಡಿಯ ಹಿಂದೆ ಕೂತು, ಮೆಲ್ಲಗೆ ಹೇಳಬೇಕಿತ್ತು. ಆದರೆ ಸೋಮವಾರದ ಕೂಟದಲ್ಲಿ ಅವರು ಹೊಸದಾಗಿ ಸೇರಿದ್ದ ಒಬ್ಬ ಹೆಣ್ಣುಮಗಳಿಗೆ, ನಿಮ್ಮ ತಂತಿ ಕಿತ್ತು ಮತ್ತೆ ಕಟ್ಟಿ ಎಂದರು. ನನಗೆ ಎರಡು ಅಂಕ ಕೊಟ್ಟರು. ಸಾಲಿನಲ್ಲಿ ತಪ್ಪಿ ನಿಂತವನನ್ನು ಎಲ್ಲರ ಮುಂದೆಯೇ ಹೆಸರು ಹಿಡಿದು ಕರೆಯುವುದು ನನ್ನ ವೃತ್ತಿಯುದ್ದದ ಅಭ್ಯಾಸ. ಕೀ ಹಿಡಿದೆ. ದೋಷ ಯಾರ ತಂತಿಯಲ್ಲೂ ಇಲ್ಲ, ನಿಮ್ಮ ಕಿವಿಯಲ್ಲಿದೆ, ವೈದ್ಯರಿಗೆ ತೋರಿಸಿ ಎಂದು ಕಳಿಸಿದೆ. ಅವರಿಗೆ ಕೇಳಿಸಲೆಂದು ನಿಧಾನವಾಗಿ, ಪೂರ್ಣ ಶಕ್ತಿಯಲ್ಲಿ, ಎರಡು ಸಲ ಕಳಿಸಿದೆ.

ತಲುಪಿತು ಎಂಬರ್ಥದ ಒಂದೇ ಒಂದು ಸಂಕೇತಾಕ್ಷರ ಬಂತು. ಆಮೇಲೆ ಅವರ ಸದ್ದಿಲ್ಲ. ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ.

ಗುರುವಾರ ಹೋದೆ. ಗಿರಾಕಿಗಳಿಬ್ಬರು ನಿಂತಿದ್ದರು.

"ತಪ್ಪಾತ್ರಿ ಸಾವ್ಕಾರ್ರೇ. ಹಂಗ ಹೇಳಬಾರದಿತ್ತು."

"ಎಂತ?"

ಇನ್ನೂ ಜೋರಾಗಿ ಹೇಳಿದೆ. ಗಿರಾಕಿಗಳು ತಿರುಗಿ ನೋಡಿದರು. ಅವರು ಕೈಯಲ್ಲಿದ್ದ ಸುರುಳಿ ಕೆಳಗಿಟ್ಟರು.

"ಹೇಳಿದ್ದು ಸರೀನೇ ಇದೆ. ಕೇಳ್ಸಿದ್ದು ಹೇಳಿ ಅಂತ ಕಲ್ಸಿದ್ದೇ ನಾನು. ಆದ್ರೆ ಹೇಳಿದ್ದು ಹತ್ತು ಜನದ ಮುಂದೆ, ಮೇಷ್ಟ್ರೇ. ತಪ್ಪಾಯ್ತು ಅನ್ನೋದನ್ನ ತಂದು ಅಂಗಡೀಲಿ ಕೊಟ್ರೆ ನಾನು ಎಂತ ಮಾಡ್ಲಿ?"

"ಅಲ್ಲೇ ಹೇಳ್ತೀನ್ರಿ."

"ಹೇಳಿ. ಅವತ್ತು ನಾನೂ ಕೂಟಕ್ಕೆ ಬರ್ತೀನಿ."

ಹೇಳುವುದೇನು, ಎರಡು ನಿಮಿಷದ ಕೆಲಸ. ಮರುದಿನ ಕೂಟಕ್ಕೆ ಆರೇ ಜನ ಬಂದಿದ್ದರು. ಹತ್ತೂ ಜನ ಕೂಡಲಿ ಎಂದುಕೊಂಡೆ. ಹತ್ತೂ ಜನ ಕೂಡಿದ ದಿನ, ಅವರೇ ಇಲ್ಲದ ಕಡೆ ಯಾರಿಗೆ ಹೇಳುವುದು ಎನಿಸಿತು. ಕಲಿಯುವವರಿಗಾಗಿ ಕೂಟದ ಮೊದಲ ಹದಿನೈದು ನಿಮಿಷ ನಿಧಾನಗತಿಯ ಪಾಠ ಇರುತ್ತಿತ್ತು. ಅವರು ನಡೆಸುತ್ತಿದ್ದ ಆ ಪಾಠ ನನ್ನ ಪಾಲಿಗೆ ಬಂತು. ಒಂದು ದಿನವೂ ತಪ್ಪಿಸಲಿಲ್ಲ, ಒಂದು ನಿಮಿಷವೂ ತಡ ಮಾಡಲಿಲ್ಲ. ಕೈ ಪಳಗಿತು. ನಿಮ್ಮ ಕೈ ಈಗ ಸೊರಬದವರ ಕೈಯಂತೆಯೇ ಇದೆ ಎಂದು ಕೂಟದಲ್ಲಿ ಒಬ್ಬರು ಹೊಗಳಿದರು. ಸೊರಬಕ್ಕೆ ಹೋಗುವುದನ್ನು ಮಾತ್ರ ನಿಲ್ಲಿಸಿದೆ. ಹೇಳದೆ ಹೋಗುವ ಮುಖ ಇರಲಿಲ್ಲ.

ಭತ್ತದ ಕೊಯ್ಲಿನ ಹೊತ್ತಿಗೆ ಷಡ್ಡಕನ ಫೋನ್ ಬಂತು. ಮಧ್ಯಾಹ್ನ ಊಟ ಮಾಡಿ ಮಲಗಿದ ಸಾವ್ಕಾರ್ರು ಏಳಲಿಲ್ಲವಂತೆ.

ಶಿವಗಣಾರಾಧನೆಯ ದಿನ ಹೋದೆ. ಪಂಕ್ತಿ ಮುಗಿದ ಮೇಲೆ ಅವರ ಹೆಂಡತಿ ನನ್ನನ್ನು ಒಳಗೆ ಕರೆದು, ಇನ್ನೂರು ಪುಟದ ಒಂದು ನೋಟ್‌ಬುಕ್ ಕೈಗಿತ್ತರು. ಒಳಗೆ ಅಕ್ಷರವಿರಲಿಲ್ಲ. ಪುಟದ ತುಂಬ ಗಿಡ್ಡ ಗೀಟು, ಉದ್ದ ಗೀಟು.

"ಬೆಳಿಗ್ಗೆ ದಿನಾ ರೇಡಿಯೊ ಹಾಕೋರು. ಸೌಂಡು ಪೂರ್ತಿ. ಬೀದಿಗೆಲ್ಲ ಕೇಳೋದು, ಅವ್ರೊಬ್ರಿಗೆ ಇಲ್ಲ" ಎಂದರು. "ಮೇಷ್ಟ್ರು ನಿಧಾನ ಕಳಿಸ್ತಾರೆ, ಉದ್ದ ಬಂದ್ರೆ ಉದ್ದ ಗೀಟು ಹಾಕು, ಗಿಡ್ಡ ಬಂದ್ರೆ ಗಿಡ್ಡ ಹಾಕು ಅಂದ್ರು. ನಂಗೆಂತ ಗೊತ್ತು ಅದೆಲ್ಲ? ಒಲೆ ಮೇಲೆ ಹಾಲಿಟ್ಟು ಬಂದು ಗೀಟು ಹಾಕ್ತಿದ್ದೆ. ಓದಿ ಮುಚ್ಚಿಡೋರು. ಇವತ್ತಿಲ್ಲ, ನಾಳೆ ಹೇಳ್ತಾರೆ ಅನ್ನೋರು."

ನಿಂತಲ್ಲೇ ಓದಿದೆ. ಅಲ್ಲಲ್ಲಿ ಗೀಟು ತಪ್ಪಿತ್ತು, ಆದರೂ ಓದಲು ಬರುತ್ತಿತ್ತು. ಪುಟ ಪುಟವೂ ನನ್ನದೇ ಪಾಠ. ಶುಭೋದಯ. ಶಿಕಾರಿಪುರದಲ್ಲಿ ಮೋಡ. ಶುಭೋದಯ. ಗಾಳಿ ಇಲ್ಲ. ಶುಭೋದಯ. ಇಂದು ಅಂಕಿಗಳ ಅಭ್ಯಾಸ. ಕೊನೆಯ ಪುಟದಲ್ಲಿ ಬಿಸಿಲು ಚೆನ್ನಾಗಿದೆ ಎಂದು ಕಳಿಸಿದ್ದೆ.

"ಎಂತ ಹೇಳೋದಿತ್ತು ಮೇಷ್ಟ್ರೇ?" ಎಂದು ಆಕೆ ಕೇಳಿದರು.

ನಡೆದದ್ದನ್ನೆಲ್ಲ ಹೇಳಿದೆ. ಎಲ್ಲರ ಮುಂದೆ ನಿಮ್ಮನ್ನು ಹಾಗೆ ಅಂದದ್ದು ನನ್ನ ತಪ್ಪು, ನೀವಿಲ್ಲದೆ ಈ ಕೂಟವಿಲ್ಲ, ಬನ್ನಿ ಎಂದು ಹೇಳುವುದಿತ್ತು ಎಂದೆ.

ಆಕೆ ನೋಟ್‌ಬುಕ್ ವಾಪಸು ತೆಗೆದುಕೊಂಡು, ಕೊನೆಗೆ ಉಳಿದಿದ್ದ ಖಾಲಿ ಹಾಳೆಗಳನ್ನು ಹೆಬ್ಬೆರಳಿಂದ ಸರಿಸಿ ನೋಡಿದರು.

"ಅಷ್ಟೇನಾ?" ಎಂದರು. "ಒಂದು ಪುಟದಾಗೆ ಮುಗೀತಿತ್ತಲ್ಲ."